ಒಂದು ಕೇಂದ್ರ ಬಿಟ್ಟುಹೋದರೂ ‘ಮುಗಿಯಿತು’ ಎನ್ನುವ ಸ್ಕ್ರಿಪ್ಟ್: ಪಿಎಸ್‌ಕ್ಯೂಎಲ್‌ನಲ್ಲಿ ಷರತ್ತು ಮತ್ತು ಲೂಪ್‌ಗಳ ದೋಷ ನಿವಾರಣೆ

ಲಕ್ಷಣ

ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ಮೂಲಕ ರಾತ್ರಿ ಓಡುವ ಡೇಟಾಬೇಸ್ ಸ್ಕ್ರಿಪ್ಟಿನ ಲಾಗ್ ಬೆಳಿಗ್ಗೆ ತೆರೆದರೆ ಕೊನೆಯ ಸಾಲಿನಲ್ಲಿ ‘ಮುಗಿಯಿತು’ ಎಂದಿರುತ್ತದೆ. ಓಟ ಹೇಗೆ ಮುಗಿಯಿತೆಂದು ತಿಳಿಸುವ ನಿರ್ಗಮನ ಸಂಕೇತ ಸೊನ್ನೆ, ಅಂದರೆ ಯಶಸ್ಸು. ಯಾರಿಗೂ ದೋಷದ ಮಿಂಚಂಚೆ ಹೋಗಿರುವುದಿಲ್ಲ. ಆದರೂ ಪಟ್ಟಿಯಲ್ಲಿದ್ದ ಕೇಂದ್ರಗಳಲ್ಲಿ ಯಾವುದೋ ಒಂದರ ದಿನದ ಲೆಕ್ಕ ಆಗಿರುವುದಿಲ್ಲ, ಅಥವಾ ಎರಡು ಸಲ ಆಗಿರುತ್ತದೆ, ಅಥವಾ ತಿಂಗಳ ಮೊದಲ ದಿನ ಮಾತ್ರ ನಡೆಯಬೇಕಾದ ಕೆಲಸ ನಡೆದೇ ಇರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸರ್ವರ್‌ಗೆ ಆದೇಶ ಕಳಿಸುವ ಪಿಎಸ್‌ಕ್ಯೂಎಲ್ ಎಂಬ ಸಾಧನ ಬಳಸಿ ಬರೆದ ಸ್ಕ್ರಿಪ್ಟ್‌ಗಳಲ್ಲಿ ಇಂಥ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಉದಾಹರಣೆಗಳಿಗಾಗಿ ಶಿರಸಿಯಲ್ಲಿ ಮುಖ್ಯ ಕಚೇರಿಯಿರುವ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಕುಮಟಾ, ಹೊನ್ನಾವರ, ಜೋಯಿಡಾಗಳಲ್ಲಿ ಖರೀದಿ ಕೇಂದ್ರಗಳಿರುವ ಅಡಿಕೆ ವಹಿವಾಟಿನ ವ್ಯವಸ್ಥೆಯೊಂದನ್ನು ಊಹಿಸಿಕೊಳ್ಳೋಣ. ಪ್ರತಿ ಕೇಂದ್ರದಲ್ಲೂ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟುಗಳ ತೂಕದ ಚೀಟಿಗಳು ದಿನವಿಡೀ ದಾಖಲಾಗುತ್ತವೆ. ರಾತ್ರಿಯ ಸ್ಕ್ರಿಪ್ಟ್ ಕೇಂದ್ರಗಳ ಪಟ್ಟಿಯನ್ನು ಒಂದೊಂದಾಗಿ ಹಿಡಿದು, ಆ ತಿಂಗಳ ಟೇಬಲ್ ಇಲ್ಲದಿದ್ದರೆ ಅದನ್ನು ರಚಿಸಿ, ದಿನದ ಚೀಟಿಗಳನ್ನು ಒಟ್ಟುಗೂಡಿಸಿ ಖಾತೆಗೆ ಬರೆಯಬೇಕು. ಕೆಲಸ ಸರಳವೇ. ಆದರೆ ‘ಒಂದೊಂದಾಗಿ’ ಮತ್ತು ‘ಇಲ್ಲದಿದ್ದರೆ’ ಎಂಬ ಈ ಎರಡು ಮಾತುಗಳಲ್ಲೇ ಮುಂದೆ ಬರುವ ದೋಷಗಳೆಲ್ಲ ಅಡಗಿವೆ.

ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಅವುಗಳ ರೋಮನ್ ಕಾಗುಣಿತವನ್ನೇ ಬಳಸಬೇಕು. \ಇಫ್ ಎಂದಿರುವಲ್ಲಿ ಹಿಂದಿನ ಓರೆಗೆರೆಯೂ ಆದೇಶದ ಭಾಗವೇ.

ನಿರ್ಧಾರ ಎಲ್ಲಿ ಆಯಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಒಂದೇ ಸ್ಕ್ರಿಪ್ಟಿನಲ್ಲಿ ಮೂರು ಕಡೆ ಷರತ್ತು ಪರಿಶೀಲನೆ ನಡೆಯಬಹುದು. ಪಿಎಸ್‌ಕ್ಯೂಎಲ್ ಅನ್ನು ಚಾಲೂ ಮಾಡುವ ಹೊರಗಿನ ಶೆಲ್ (ಬ್ಯಾಶ್‌ನಂಥದ್ದು) ತನ್ನದೇ ವೈಲ್ ಮತ್ತು ಫಾರ್ ಲೂಪ್‌ಗಳನ್ನು ನಡೆಸುತ್ತದೆ. ಪಿಎಸ್‌ಕ್ಯೂಎಲ್ ತನ್ನ \ಇಫ್, \ಎಲಿಫ್, \ಎಲ್ಸ್, \ಎಂಡ್‌ಇಫ್ ಆದೇಶಗಳನ್ನು ತಾನೇ ಓದಿಕೊಳ್ಳುತ್ತದೆ, ಅವು ಸರ್ವರ್‌ಗೆ ಹೋಗುವುದೇ ಇಲ್ಲ. ಡೂ ಬ್ಲಾಕ್ (ಹೆಸರಿಡದೆ ಸರ್ವರ್‌ಗೆ ಕಳಿಸಿ ಒಮ್ಮೆ ಓಡಿಸುವ ಪುಟ್ಟ ಪ್ರೋಗ್ರಾಂ) ಅಥವಾ ಪ್ರೊಸೀಜರ್ ಒಳಗಿನ ಪಿಎಲ್‌ಪಿಜಿಎಸ್‌ಕ್ಯೂಎಲ್ ಭಾಷೆಯ ಲೂಪ್ ಸರ್ವರ್‌ನಲ್ಲಿ ಓಡುತ್ತದೆ, ಅದಕ್ಕೆ ಹೊರಗಿನ ವೇರಿಯಬಲ್‌ಗಳ ಸುಳಿವೂ ಇರುವುದಿಲ್ಲ. ನನ್ನ ಅನುಭವದಲ್ಲಿ ದೋಷ ಹುಡುಕುವಾಗ ಹೆಚ್ಚು ಹೊತ್ತು ವ್ಯರ್ಥವಾಗುವುದು ಒಂದು ಕಡೆ ಆದ ನಿರ್ಧಾರವನ್ನು ಇನ್ನೊಂದು ಕಡೆ ಹುಡುಕುವುದರಿಂದ. ಆದ್ದರಿಂದ ಸ್ಕ್ರಿಪ್ಟಿನ ಪ್ರತಿಯೊಂದು ಷರತ್ತಿನ ಪಕ್ಕದಲ್ಲೂ ‘ಶೆಲ್’, ‘ಪಿಎಸ್‌ಕ್ಯೂಎಲ್’, ‘ಸರ್ವರ್’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಮುಂದುವರಿಯುವುದು ಒಳ್ಳೆಯದು.

ಈ ಸೌಲಭ್ಯಗಳು ಒಮ್ಮೆಲೇ ಬಂದವಲ್ಲ ಎಂಬುದೂ ನೆನಪಿರಬೇಕು. ಡೂ ಬ್ಲಾಕ್ 2010ರ 9.0 ಆವೃತ್ತಿಯಲ್ಲಿ ಬಂತು. ಕ್ವೆರಿಯ ಫಲಿತವನ್ನು ವೇರಿಯಬಲ್‌ಗೆ ತುಂಬುವ \ಜಿಸೆಟ್ 2013ರ 9.3ರಲ್ಲಿ, ಕ್ವೆರಿಯ ಫಲಿತವನ್ನೇ ಹೊಸ ಆದೇಶಗಳಾಗಿ ಓಡಿಸುವ \ಜಿಎಕ್ಸೆಕ್ 2016ರ 9.6ರಲ್ಲಿ, \ಇಫ್ 2017ರ 10ರಲ್ಲಿ ಬಂದವು. ಪಿಎಸ್‌ಕ್ಯೂಎಲ್‌ನಲ್ಲಿ ಇಂದಿಗೂ ಲೂಪಿಗೆಂದೇ ಒಂದು ಆದೇಶವಿಲ್ಲ. \ವಾಚ್ ಎಂಬುದು ಒಂದೇ ಕ್ವೆರಿಯನ್ನು ಮತ್ತೆ ಮತ್ತೆ ಓಡಿಸುತ್ತದೆ ಅಷ್ಟೆ. ಎಷ್ಟು ಸಲ ಎಂದು ಮಿತಿ ಹಾಕುವ ಅನುಕೂಲ ಅದಕ್ಕೆ 16ನೆಯ ಆವೃತ್ತಿಯಲ್ಲಿ ಬಂತು. ಹೀಗಾಗಿ ಕೇಂದ್ರದಿಂದ ಕೇಂದ್ರಕ್ಕೆ ಸಾಗುವ ಕೆಲಸವನ್ನು ಶೆಲ್ ಲೂಪ್, \ಜಿಎಕ್ಸೆಕ್ ಅಥವಾ ಡೂ ಬ್ಲಾಕ್, ಈ ಮೂರರಲ್ಲಿ ಒಂದಕ್ಕೆ ವಹಿಸಲೇಬೇಕಾಗುತ್ತದೆ.

ನಿರ್ಗಮನ ಸಂಕೇತ ಸೊನ್ನೆ ಏಕೆ ಬಂತು?

ಬೇರೆ ಏನನ್ನು ನೋಡುವ ಮೊದಲೂ ಇದನ್ನು ಸರಿಪಡಿಸಬೇಕು, ಏಕೆಂದರೆ ಸುಳ್ಳು ಹೇಳುವ ಸ್ಕ್ರಿಪ್ಟಿನ ಮೇಲೆ ಮಾಡಿದ ಯಾವ ಪರೀಕ್ಷೆಯನ್ನೂ ನಂಬಲಾಗದು. ಫೈಲಿನಿಂದ ಓದುವಾಗ ಪಿಎಸ್‌ಕ್ಯೂಎಲ್ ತಾನಾಗಿ ದೋಷಕ್ಕೆ ನಿಲ್ಲುವುದಿಲ್ಲ. ಒಂದು ಆದೇಶ ವಿಫಲವಾದರೆ ಸಂದೇಶ ಮುದ್ರಿಸಿ ಮುಂದಿನದಕ್ಕೆ ಹೋಗುತ್ತದೆ, ಕೊನೆ ಮುಟ್ಟಿದಾಗ ಸೊನ್ನೆಯನ್ನೇ ಮರಳಿಸುತ್ತದೆ. ಆನ್_ಎರರ್_ಸ್ಟಾಪ್ ಎಂಬ ವೇರಿಯಬಲ್ಲನ್ನು ಚಾಲನೆಯ ಸಾಲಿನಲ್ಲೇ 1 ಎಂದು ಕೊಟ್ಟರೆ ಮೊದಲ ದೋಷಕ್ಕೆ ನಿಂತು 3 ಎಂಬ ಸಂಕೇತ ಮರಳಿಸುತ್ತದೆ. ಸಂಪರ್ಕವೇ ಕಡಿದರೆ 2 ಬರುತ್ತದೆ. ಈ ಅಂಕೆಗಳನ್ನು ಶೆಲ್ ಕಡೆಯಲ್ಲಿ ಬೇರೆಬೇರೆಯಾಗಿ ನೋಡಿಕೊಂಡರೆ ಮಳೆಗಾಲದಲ್ಲಿ ಬಹಳ ಉಪಯೋಗವಾಗುತ್ತದೆ: ಘಟ್ಟದ ಮೇಲೆ ಗಾಳಿಮಳೆಗೆ ಕರೆಂಟ್ ಹೋಗಿ ಲೈನ್ ಬಿದ್ದು 2 ಬಂದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಬಹುದು, 3 ಬಂದಿದ್ದರೆ ಮನುಷ್ಯರೇ ಕೂತು ನೋಡಬೇಕು.

ಆನ್_ಎರರ್_ಸ್ಟಾಪ್ ಇದ್ದೂ ಸೊನ್ನೆ ಬರುತ್ತಿದ್ದರೆ ಪೈಪ್ ಇದೆಯೇ ನೋಡಿ. ಪಿಎಸ್‌ಕ್ಯೂಎಲ್‌ನ ಹೊರಬರಹವನ್ನು ಪೈಪಿನ ಮೂಲಕ ಟೀ ಎಂಬ ಆದೇಶಕ್ಕೆ ಕೊಟ್ಟು ಲಾಗ್ ಉಳಿಸುವ ರೂಢಿ ಎಲ್ಲೆಡೆ ಇದೆ. ಆಗ ಶೆಲ್ ನೋಡುವುದು ಪೈಪಿನ ಕೊನೆಯಲ್ಲಿರುವ ಟೀಯ ಸಂಕೇತವನ್ನು. ಅದಂತೂ ಬಹುತೇಕ ಯಾವಾಗಲೂ ಯಶಸ್ವಿ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಆಯ್ಕೆಯನ್ನು ಮೊದಲ ಸಾಲಿನಲ್ಲೇ ಹಚ್ಚಿದರೆ ಈ ಮರೆ ಸರಿಯುತ್ತದೆ. ಇನ್ನೊಂದು ಕಾರಣ, ಫೈಲಿನೊಳಗೆ \ಐ ಮೂಲಕ ಸೇರಿಸಿಕೊಂಡ ಇನ್ನೊಂದು ಫೈಲಿನಲ್ಲಿ ಬರೆದ \ಕ್ಯೂ. ಅದು ಇಡೀ ಓಟವನ್ನು ನಿಲ್ಲಿಸುತ್ತದೆಂದು ಬರೆದವರು ನಂಬಿರುತ್ತಾರೆ, ಆದರೆ ಅದು ಆ ಒಳಫೈಲನ್ನು ಮಾತ್ರ ಬಿಟ್ಟು ಹೊರಬರುತ್ತದೆ, ಹೊರಗಿನ ಫೈಲು ಮುಂದಿನ ಸಾಲಿನಿಂದ ನಿರಾತಂಕವಾಗಿ ಸಾಗುತ್ತದೆ.

ಕೈಯಿಂದ ಓಡಿಸಿದಾಗ ಸರಿ, ಕ್ರಾನ್‌ನಲ್ಲಿ ತಪ್ಪು ಎಂಬ ದೂರಿಗೂ ಇಲ್ಲಿಯೇ ಉತ್ತರವಿರುವುದು ಹೆಚ್ಚು. ಬಳಕೆದಾರರ ಮನೆಕೋಶದಲ್ಲಿದ್ದು ಪಿಎಸ್‌ಕ್ಯೂಎಲ್ ಆರಂಭವಾಗುವಾಗ ಓದಿಕೊಳ್ಳುವ ಪಿಎಸ್‌ಕ್ಯೂಎಲ್‌ಆರ್‌ಸಿ ಫೈಲಿನಲ್ಲಿ ಆನ್_ಎರರ್_ಸ್ಟಾಪ್ ಅಥವಾ ಆಟೋಕಮಿಟ್ ಸಂಬಂಧಿ ಸಾಲುಗಳಿದ್ದರೆ ಅವು ಒಬ್ಬರಿಗೆ ಅನ್ವಯವಾಗುತ್ತವೆ, ಇನ್ನೊಬ್ಬರಿಗೆ ಇಲ್ಲ. ದೊಡ್ಡ ಎಕ್ಸ್ ಆಯ್ಕೆ ಕೊಟ್ಟರೆ ಆ ಫೈಲನ್ನು ಓದುವುದಿಲ್ಲ. ಸ್ವಯಂಚಾಲಿತ ಓಟಗಳಲ್ಲಿ ಅದನ್ನು ತಪ್ಪದೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 9.6ಕ್ಕೆ ಮೊದಲು, ಆದೇಶದ ಪಠ್ಯವನ್ನು ಚಾಲನೆಯ ಸಾಲಿನಲ್ಲೇ ಕೊಡುವ ಸಿ ಆಯ್ಕೆ ಬಳಸಿದರೆ ಆರ್‌ಸಿ ಫೈಲು ತಾನಾಗಿಯೇ ಬಿಟ್ಟುಹೋಗುತ್ತಿತ್ತು, ಆಮೇಲಿಂದ ಹಾಗಿಲ್ಲ. ಹಳೆಯ ಸ್ಕ್ರಿಪ್ಟ್‌ಗಳು ಆವೃತ್ತಿ ಬದಲಿಸಿದ ನಂತರ ವಿಚಿತ್ರವಾಗಿ ವರ್ತಿಸಲು ಇದೂ ಒಂದು ಕಾರಣ.

\ಇಫ್ ತಪ್ಪು ಕವಲಿಗೆ ಹೋದರೆ

\ಇಫ್ ಬಗ್ಗೆ ಇರುವ ಅತಿ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಅದು ಲೆಕ್ಕ ಮಾಡುತ್ತದೆ ಎಂಬುದು. ಅದು ಲೆಕ್ಕ ಮಾಡುವುದಿಲ್ಲ, ಹೋಲಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಟ್ರೂ, ಫಾಲ್ಸ್, ಆನ್, ಆಫ್, ಯೆಸ್, ನೋ, 1, 0 ಎಂಬಂಥ ಪದಗಳು ಮತ್ತು ಗೊಂದಲವಾಗದಷ್ಟು ಮೊಟಕುಗೊಳಿಸಿದ ಅವುಗಳ ರೂಪಗಳು ಮಾತ್ರ. ‘ಚೀಟಿಗಳ ಎಣಿಕೆ ಸೊನ್ನೆಗಿಂತ ಹೆಚ್ಚಿದ್ದರೆ’ ಎಂದು ನೇರವಾಗಿ \ಇಫ್ ಸಾಲಿನಲ್ಲಿ ಬರೆದರೆ, ಎಣಿಕೆ 40 ಇದ್ದಾಗ ಅದಕ್ಕೆ ಕಾಣುವುದು ‘40 > 0’ ಎಂಬ ಅಕ್ಷರಗಳ ಸಾಲು. ಅದು ಬೂಲಿಯನ್, ಅಂದರೆ ನಿಜ-ಸುಳ್ಳಿನ ಬೆಲೆ, ಅಲ್ಲ. ಪಿಎಸ್‌ಕ್ಯೂಎಲ್ ‘ಬೂಲಿಯನ್ ಎಕ್ಸ್‌ಪೆಕ್ಟೆಡ್’ ಎಂದು ಕೊನೆಗೊಳ್ಳುವ ಎಚ್ಚರಿಕೆ ಮುದ್ರಿಸಿ, ಷರತ್ತನ್ನು ಸುಳ್ಳೆಂದು ಪರಿಗಣಿಸಿ, ಎಲ್ಸ್ ಕವಲಿಗೆ ಹೋಗುತ್ತದೆ. ಆನ್_ಎರರ್_ಸ್ಟಾಪ್ ಇದನ್ನು ಹಿಡಿಯುತ್ತದೆಂದು ನೆಚ್ಚಿಕೊಳ್ಳಬಾರದು. ಲಾಗ್‌ನಲ್ಲಿ ಆ ಪದಗಳನ್ನು ಹುಡುಕುವುದು ನೀವು ಮಾಡಬೇಕಾದ ಎರಡನೆಯ ಕೆಲಸ.

ಪರಿಹಾರವೆಂದರೆ ಹೋಲಿಕೆಯನ್ನು ಸರ್ವರ್‌ಗೆ ಒಪ್ಪಿಸುವುದು. ‘ಎಣಿಕೆ ಸೊನ್ನೆಗಿಂತ ಹೆಚ್ಚೇ’ ಎಂಬುದನ್ನೇ ಸೆಲೆಕ್ಟ್ ಕ್ವೆರಿಯ ಒಂದು ಕಾಲಂ ಆಗಿ ಬರೆದು, ಅದಕ್ಕೊಂದು ಹೆಸರು ಕೊಟ್ಟು, ಅರ್ಧವಿರಾಮದ ಬದಲು \ಜಿಸೆಟ್‌ನಿಂದ ಮುಗಿಸಬೇಕು. ಆಗ ಆ ಹೆಸರಿನ ವೇರಿಯಬಲ್‌ನಲ್ಲಿ ಟ್ರೂ ಅಥವಾ ಫಾಲ್ಸ್‌ನ ಮೊದಲಕ್ಷರ ಬಂದು ಕೂರುತ್ತದೆ, \ಇಫ್ ಅದನ್ನು ಸರಿಯಾಗಿ ಓದಿಕೊಳ್ಳುತ್ತದೆ.

\ಜಿಸೆಟ್‌ನಲ್ಲೂ ಎರಡು ಎಡವುಗಲ್ಲುಗಳಿವೆ. ಕ್ವೆರಿ ಕೊಟ್ಟ ಕಾಲಂ ನಲ್ ಆಗಿದ್ದರೆ, ಅಂದರೆ ಅದರಲ್ಲಿ ಬೆಲೆಯೇ ಇಲ್ಲದಿದ್ದರೆ, ವೇರಿಯಬಲ್ ಖಾಲಿಯಾಗುವುದಿಲ್ಲ, ಇಲ್ಲವಾಗುತ್ತದೆ. ಇಲ್ಲದ ವೇರಿಯಬಲ್ಲನ್ನು \ಇಫ್ ಸಾಲಿನಲ್ಲಿ ಬರೆದರೆ ಅದರ ಹೆಸರೇ, ಮುಂದಿನ ಕೋಲನ್ ಸಮೇತ, ಹಾಗೆಯೇ ಉಳಿದುಕೊಂಡು ಮೇಲೆ ಹೇಳಿದ ಎಚ್ಚರಿಕೆಯಲ್ಲಿ ಕಾಣಿಸುತ್ತದೆ. ಆ ಕೋಲನ್ ಕಂಡರೆ ಕಾರಣ ನಲ್ ಅಥವಾ ಹೆಸರಿನ ಕಾಗುಣಿತ ಎಂದು ತಿಳಿಯಿರಿ. ಇನ್ನೊಂದು ಹೆಚ್ಚು ಅಪಾಯದ್ದು: ಕ್ವೆರಿ ಒಂದೂ ಸಾಲು ಕೊಡದಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ಸಾಲು ಕೊಟ್ಟರೆ ವೇರಿಯಬಲ್ ಬದಲಾಗುವುದೇ ಇಲ್ಲ, ಅದರಲ್ಲಿ ಹಿಂದಿನ ಬೆಲೆಯೇ ಉಳಿಯುತ್ತದೆ. ಆನ್_ಎರರ್_ಸ್ಟಾಪ್ ಇಲ್ಲದ ಸ್ಕ್ರಿಪ್ಟಿನಲ್ಲಿ ಕುಮಟಾ ಕೇಂದ್ರಕ್ಕೆ ಬಂದ ‘ನಿಜ’ ಹೊನ್ನಾವರ ಕೇಂದ್ರದ ನಿರ್ಧಾರವನ್ನೂ ಮಾಡಿಬಿಡುತ್ತದೆ. ಆದ್ದರಿಂದ ಷರತ್ತಿಗಾಗಿ ಬರೆಯುವ ಕ್ವೆರಿ ಯಾವ ಸ್ಥಿತಿಯಲ್ಲೂ ಸರಿಯಾಗಿ ಒಂದೇ ಸಾಲು ಕೊಡುವಂತಿರಬೇಕು. ಎಣಿಕೆಯ ಕ್ವೆರಿ ಸ್ವಭಾವತಃ ಹಾಗೆಯೇ ಇರುತ್ತದೆ. ಬೇರೆಯವಕ್ಕೆ ಎಗ್ಸಿಸ್ಟ್ಸ್ ಬಳಸುವುದು ಲೇಸು. ವೇರಿಯಬಲ್ ಇದೆಯೋ ಇಲ್ಲವೋ ಎಂದು ಕೇಳುವ, ಪುಷ್ಪಾವರಣ ಮತ್ತು ಪ್ರಶ್ನಾರ್ಥಕ ಚಿಹ್ನೆಯ ರೂಪವೊಂದು 11ನೆಯ ಆವೃತ್ತಿಯಿಂದ ಇದೆ, ಅದನ್ನೂ \ಇಫ್‌ಗೆ ಕೊಡಬಹುದು.

ಎರಡೂ ಕವಲುಗಳು ಓಡಿದ್ದರೆ ಆವೃತ್ತಿಯನ್ನು ನೋಡಿ. \ಇಫ್ ಪಿಎಸ್‌ಕ್ಯೂಎಲ್‌ನ ಆದೇಶವಾದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ಸರ್ವರ್‌ನ ಆವೃತ್ತಿಯಲ್ಲ, ನೀವು ಕೂತ ಯಂತ್ರದಲ್ಲಿರುವ ಪಿಎಸ್‌ಕ್ಯೂಎಲ್‌ನದು. ಸರ್ವರ್ 15 ಇದ್ದು ಕ್ರಾನ್‌ನ ಪಾತ್‌ನಲ್ಲಿ ಮೊದಲು ಸಿಗುವ ಪಿಎಸ್‌ಕ್ಯೂಎಲ್ 9.6 ಆಗಿದ್ದರೆ, ಅದು ‘ಇನ್‌ವ್ಯಾಲಿಡ್ ಕಮಾಂಡ್’ ಎಂದು ಗೊಣಗಿ, \ಇಫ್, \ಎಲ್ಸ್, \ಎಂಡ್‌ಇಫ್ ಸಾಲುಗಳನ್ನು ದಾಟಿ, ನಡುವಿನ ಆದೇಶಗಳನ್ನೆಲ್ಲ ಒಂದರ ನಂತರ ಒಂದರಂತೆ ಓಡಿಸುತ್ತದೆ. ಟೇಬಲ್ ಅಳಿಸುವ ಆದೇಶ ಒಂದು ಕವಲಿನಲ್ಲಿದ್ದರೆ ಪರಿಣಾಮ ಏನೆಂದು ವಿವರಿಸಬೇಕಾಗಿಲ್ಲ. ಕ್ರಾನ್ ಸಾಲಿನಲ್ಲಿ ಪಿಎಸ್‌ಕ್ಯೂಎಲ್‌ನ ಪೂರ್ಣ ದಾರಿ ಬರೆಯುವುದು ಮತ್ತು ಸ್ಕ್ರಿಪ್ಟ್ ಆರಂಭದಲ್ಲಿ ಆವೃತ್ತಿಯನ್ನು ಲಾಗ್‌ಗೆ ಬರೆಸುವುದು ಇದಕ್ಕೆ ತಕ್ಕ ಮುನ್ನೆಚ್ಚರಿಕೆ.

ಒಂದು \ಇಫ್ ಮತ್ತು ಅದರ \ಎಂಡ್‌ಇಫ್ ಒಂದೇ ಫೈಲಿನಲ್ಲಿರಬೇಕು. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ಮುಚ್ಚಲಾಗದು. ಬಿಟ್ಟುಹೋದ ಕವಲಿನ ಸಾಲುಗಳನ್ನೂ ಪಿಎಸ್‌ಕ್ಯೂಎಲ್ ಓದಿ ಪದ ಬಿಡಿಸುತ್ತದೆ, ಆದ್ದರಿಂದ ಓಡದ ಭಾಗದಲ್ಲಿ ಮುಚ್ಚದೆ ಉಳಿದ ಒಂಟಿ ಉದ್ಧರಣ ಚಿಹ್ನೆಯೊಂದು \ಎಂಡ್‌ಇಫ್ ಅನ್ನು ನುಂಗಿ ಫೈಲಿನ ಕೊನೆಯವರೆಗೂ ಎಲ್ಲವನ್ನೂ ಸ್ತಬ್ಧಗೊಳಿಸಬಹುದು. ಕೈಯಿಂದ ಟೈಪ್ ಮಾಡಿ ಪರೀಕ್ಷಿಸುವಾಗ ಪ್ರಾಂಪ್ಟ್‌ನಲ್ಲಿ ಸಮ ಚಿಹ್ನೆಯ ಜಾಗದಲ್ಲಿ ಮಿಂಚಂಚೆ ವಿಳಾಸದಲ್ಲಿ ಬರುವ ಆ್ಯಟ್ ಚಿಹ್ನೆ ಕಂಡರೆ ನೀವು ಓಡದ ಕವಲಿನೊಳಗೆ ಇದ್ದೀರಿ ಎಂದರ್ಥ.

ತಿಂಗಳ ಮೊದಲ ದಿನದ ಕೆಲಸ ತಪ್ಪುವುದಕ್ಕೆ ಕಾರಣ ಬೇರೆಯೇ. ಸರ್ವರ್‌ನ ಕಾಲವಲಯ ಯುಟಿಸಿ ಎಂದಿದ್ದರೆ ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುತ್ತದೆ. ಶಿರಸಿಯಲ್ಲಿ 1ನೆಯ ತಾರೀಖು ನಸುಕಿನ 2 ಗಂಟೆಯಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ 8:30. ‘ಇಂದು ತಿಂಗಳ ಮೊದಲ ದಿನವೇ’ ಎಂಬ ಕ್ವೆರಿ ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತದೆ. ಸಂಪರ್ಕ ಆದೊಡನೆ ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಹೊಂದಿಸಿದರೆ ಸಾಕು.

\ಜಿಎಕ್ಸೆಕ್ ಒಂದು ಕೇಂದ್ರವನ್ನು ಬಿಟ್ಟರೆ

ಇದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ದೋಷ, ಏಕೆಂದರೆ ಇದರಲ್ಲಿ ದೋಷದ ಸಂದೇಶವೂ ಇರುವುದಿಲ್ಲ, ಎಚ್ಚರಿಕೆಯೂ ಇರುವುದಿಲ್ಲ.

\ಜಿಎಕ್ಸೆಕ್ ಮಾಡುವ ಕೆಲಸ ಇಷ್ಟು: ಕ್ವೆರಿಯನ್ನು ಓಡಿಸಿ, ಬಂದ ಪ್ರತಿ ಸಾಲಿನ ಪ್ರತಿ ಕಾಲಂನಲ್ಲಿರುವ ಪಠ್ಯವನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಹೊಸ ಆದೇಶವೆಂದು ಸರ್ವರ್‌ಗೆ ಕಳಿಸುವುದು. ಕೇಂದ್ರಗಳ ಟೇಬಲ್‌ನಿಂದ ಪ್ರತಿ ಕೇಂದ್ರಕ್ಕೊಂದು ‘ಕ್ರಿಯೇಟ್ ಟೇಬಲ್’ ಪಠ್ಯ ತಯಾರಿಸಿ ಓಡಿಸಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ಪಿಎಸ್‌ಕ್ಯೂಎಲ್‌ನಲ್ಲಿ ಇಲ್ಲ. ಆದರೆ ಕಾಲಂನ ಬೆಲೆ ನಲ್ ಆಗಿದ್ದರೆ ಅದು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಾಗೆ ಬಿಡುವುದೇ ಅದರ ನಿಯಮ.

ಈಗ ಜೋಯಿಡಾದ ಹೊಸ ಕೇಂದ್ರವನ್ನು ನೋಡಿ. ಕೇಂದ್ರದ ಹೆಸರು, ವಿಳಾಸ ತುಂಬಿದ್ದಾರೆ. ಮೂರಕ್ಷರದ ಸಂಕೇತದ ಕಾಲಂ ಇನ್ನೂ ತುಂಬಿಲ್ಲ, ಅಲ್ಲಿ ನಲ್ ಇದೆ. ಆದೇಶದ ಪಠ್ಯವನ್ನು ಎರಡು ಲಂಬಗೆರೆಗಳ ಜೋಡಣೆಯಿಂದ, ಅಂದರೆ ‘ಕ್ರಿಯೇಟ್ ಟೇಬಲ್ ಚೀಟಿ_’ ಎಂಬುದಕ್ಕೆ ಸಂಕೇತವನ್ನೂ ಉಳಿದ ಭಾಗವನ್ನೂ ಅಂಟಿಸಿ ತಯಾರಿಸಿದ್ದಾರೆ. ಎಸ್‌ಕ್ಯೂಎಲ್‌ನಲ್ಲಿ ಯಾವ ಪಠ್ಯಕ್ಕೆ ನಲ್ ಅಂಟಿಸಿದರೂ ಫಲ ಪೂರ್ತಿ ನಲ್. ಉಳಿದ ಐದು ಕೇಂದ್ರಗಳಿಗೆ ಆದೇಶಗಳು ಹುಟ್ಟಿದವು, ಜೋಯಿಡಾಕ್ಕೆ ನಲ್ ಹುಟ್ಟಿತು, \ಜಿಎಕ್ಸೆಕ್ ಅದನ್ನು ದಾಟಿ ಹೋಯಿತು, ಸ್ಕ್ರಿಪ್ಟ್ ನ್ಯಾಯವಾಗಿಯೇ ‘ಮುಗಿಯಿತು’ ಎಂದಿತು. ಸರ್ವರ್‌ನ ಲಾಗ್ ಜಾಲಾಡಿದರೂ ಏನೂ ಸಿಗದು, ಅಲ್ಲಿಗೆ ಏನೂ ಹೋಗಿಯೇ ಇಲ್ಲ.

ಪತ್ತೆಮಾಡುವ ವಿಧಾನ ಸುಲಭ. \ಜಿಎಕ್ಸೆಕ್ ಎಂಬುದನ್ನು ತೆಗೆದು ಅರ್ಧವಿರಾಮ ಹಾಕಿ ಅದೇ ಕ್ವೆರಿಯನ್ನು ಓಡಿಸಿದರೆ ಹುಟ್ಟುವ ಆದೇಶಗಳು ಪರದೆಯ ಮೇಲೆ ಕಾಣುತ್ತವೆ. ನಲ್ ಸಾಲು ಖಾಲಿಯಾಗಿ ಕಾಣುವುದರಿಂದ ಮೊದಲು \ಪಿಸೆಟ್ ಮೂಲಕ ನಲ್‌ಗೆ ಕಣ್ಣಿಗೆ ಬೀಳುವ ಒಂದು ಗುರುತು ಕೊಟ್ಟುಕೊಳ್ಳಿ. ಶಾಶ್ವತ ಪರಿಹಾರವೆಂದರೆ ಲಂಬಗೆರೆಗಳನ್ನು ಬಿಟ್ಟು ಫಾರ್ಮ್ಯಾಟ್ ಫಂಕ್ಷನ್ ಬಳಸುವುದು. ಅದರಲ್ಲಿ ಹೆಸರುಗಳಿಗೆ ಮೀಸಲಾದ ಶೇಕಡಾ-ದೊಡ್ಡ-ಐ ಗುರುತಿಗೆ ನಲ್ ಬಂದರೆ ಅದು ಸ್ಪಷ್ಟ ದೋಷ ಎಸೆಯುತ್ತದೆ. ಓಟ ಅಲ್ಲಿಯೇ ನಿಲ್ಲುತ್ತದೆ, ಬೆಳಿಗ್ಗೆ ಲೆಕ್ಕದ ವಿಭಾಗದವರು ಕೇಳುವ ಮೊದಲೇ ನಮಗೆ ಗೊತ್ತಾಗುತ್ತದೆ. ಎಚ್ಚರವಿರಲಿ, ಶೇಕಡಾ-ಎಸ್ ಗುರುತು ನಲ್ ಅನ್ನು ಖಾಲಿ ಪಠ್ಯವಾಗಿಸಿ ‘ಚೀಟಿ_’ ಎಂಬ ಬಾಲವಿಲ್ಲದ ಟೇಬಲ್ ಸೃಷ್ಟಿಸುತ್ತದೆ, ಅದು ಮತ್ತೊಂದು ತಲೆನೋವು. ಸಂಕೇತದ ಕಾಲಂಗೆ ನಾಟ್ ನಲ್ ನಿರ್ಬಂಧ ಹಾಕುವುದು ಎಲ್ಲಕ್ಕಿಂತ ಉತ್ತಮ, ಆದರೆ ಅದು ಸ್ಕ್ರಿಪ್ಟ್ ಬರೆಯುವವರ ಕೈಯಲ್ಲಿ ಯಾವಾಗಲೂ ಇರುವುದಿಲ್ಲ.

ಖಾತೆಗೆ ಎರಡು ಸಲ ಬರೆದಿದ್ದರೆ ಅರ್ಧವಿರಾಮವನ್ನು ಹುಡುಕಿ. ಕ್ವೆರಿಯ ಕೊನೆಗೆ ಅಭ್ಯಾಸಬಲದಿಂದ ಅರ್ಧವಿರಾಮ ಹಾಕಿ, ಮುಂದಿನ ಸಾಲಿನಲ್ಲಿ \ಜಿಎಕ್ಸೆಕ್ ಅಥವಾ \ಜಿಸೆಟ್ ಬರೆದರೆ, ಅರ್ಧವಿರಾಮಕ್ಕೆ ಕ್ವೆರಿ ಒಮ್ಮೆ ಓಡುತ್ತದೆ; ಆಮೇಲೆ ಕೈಯಲ್ಲಿ ಕ್ವೆರಿ ಇಲ್ಲದ \ಜಿಎಕ್ಸೆಕ್ ಕೊನೆಯ ಕ್ವೆರಿಯನ್ನೇ ಮತ್ತೊಮ್ಮೆ ಓಡಿಸುತ್ತದೆ. ಬರೀ ಸೆಲೆಕ್ಟ್ ಆದರೆ ನಷ್ಟವಿಲ್ಲ, ಲಾಗ್‌ನಲ್ಲಿ ಒಂದು ಹೆಚ್ಚುವರಿ ಪಟ್ಟಿ ಕಾಣುತ್ತದೆ. ‘ಇನ್ಸರ್ಟ್’ ಮಾಡಿ ಅದರ ಸಂಖ್ಯೆಯನ್ನು ‘ರಿಟರ್ನಿಂಗ್’ ಮೂಲಕ \ಜಿಸೆಟ್‌ಗೆ ಕೊಡುವ ಕ್ವೆರಿಯಾದರೆ ಖಾತೆಯಲ್ಲಿ ನಿಜವಾಗಿಯೂ ಎರಡು ದಾಖಲೆ ಬೀಳುತ್ತವೆ. ಯಲ್ಲಾಪುರದ ಚಾಲಿಯ ತೂಕ ದುಪ್ಪಟ್ಟಾಗಲು ಒಂದು ಅರ್ಧವಿರಾಮ ಸಾಕು.

\ಜಿಎಕ್ಸೆಕ್ ಹುಟ್ಟಿಸಿದ ಪಠ್ಯ ಇದ್ದಂತೆಯೇ ಸರ್ವರ್‌ಗೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಅದರೊಳಗೆ ಪಿಎಸ್‌ಕ್ಯೂಎಲ್ ವೇರಿಯಬಲ್ ಅಥವಾ ಓರೆಗೆರೆಯ ಆದೇಶ ಇಟ್ಟರೆ ಅದು ಅರ್ಥವಾಗುವುದಿಲ್ಲ.

ಡೂ ಬ್ಲಾಕ್‌ನ ಒಳಗೆ

ಡೂ ಬ್ಲಾಕ್‌ನಲ್ಲಿ ಮೊದಲು ಎದುರಾಗುವುದು ಕೋಲನ್ ಹತ್ತಿರ ವ್ಯಾಕರಣ ದೋಷ. ಡಾಲರ್ ಚಿಹ್ನೆಗಳ ನಡುವಿನ ಪಠ್ಯವನ್ನು ಪಿಎಸ್‌ಕ್ಯೂಎಲ್ ಮುಟ್ಟುವುದಿಲ್ಲ, ಆದ್ದರಿಂದ ತಿಂಗಳು, ಕೇಂದ್ರ ಎಂಬ ವೇರಿಯಬಲ್‌ಗಳು ಅಲ್ಲಿ ಬದಲಾಗದೆ ಕೋಲನ್ ಸಹಿತ ಸರ್ವರ್ ಮುಟ್ಟುತ್ತವೆ. ಡೂ ಬ್ಲಾಕ್‌ಗೆ ಆರ್ಗ್ಯುಮೆಂಟ್ ಕೊಡುವ ಏರ್ಪಾಡು ಇಲ್ಲ. ಬ್ಲಾಕ್‌ಗೆ ಮೊದಲು ಸೆಟ್_ಕಾನ್ಫಿಗ್ ಫಂಕ್ಷನ್‌ನಿಂದ ನಡುವೆ ಚುಕ್ಕಿಯಿರುವ ಹೆಸರಿನಲ್ಲಿ ಬೆಲೆಯನ್ನು ಇಟ್ಟು, ಒಳಗೆ ಕರೆಂಟ್_ಸೆಟ್ಟಿಂಗ್‌ನಿಂದ ತೆಗೆದುಕೊಳ್ಳುವುದು ನೇರವಾದ ದಾರಿ.

ಲೂಪ್ ಮುಗಿಯುವುದೇ ಇಲ್ಲವೆಂದರೆ ನೋಡಬೇಕಾದ ಜಾಗಗಳು ಕೆಲವೇ. ‘ಮುಂಡಗೋಡದ ಕೊನೆಯ ಚೀಟಿ ಬರುವವರೆಗೆ, ಹೆಚ್ಚೆಂದರೆ 10 ನಿಮಿಷ ಕಾಯಿ’ ಎಂಬ ಲೂಪಿನಲ್ಲಿ ಸಮಯ ನೋಡಲು ನೌ ಫಂಕ್ಷನ್ ಬಳಸಿದ್ದರೆ ಆ 10 ನಿಮಿಷ ಎಂದೂ ಆಗುವುದಿಲ್ಲ, ಏಕೆಂದರೆ ನೌ ಕೊಡುವುದು ಟ್ರಾನ್ಸಾಕ್ಷನ್ (ಒಟ್ಟಾಗಿ ಉಳಿಯುವ ಇಲ್ಲವೇ ಒಟ್ಟಾಗಿ ರದ್ದಾಗುವ ಆದೇಶಗಳ ಗುಂಪು) ಆರಂಭವಾದ ಗಳಿಗೆಯನ್ನು, ಅದು ಓಟದುದ್ದಕ್ಕೂ ಬದಲಾಗದು. ಅಲ್ಲಿ ಕ್ಲಾಕ್_ಟೈಮ್‌ಸ್ಟ್ಯಾಂಪ್ ಬೇಕು. ‘ಎಗ್ಸಿಟ್ ವೆನ್’ ಷರತ್ತಿನಲ್ಲಿ ನಲ್ ಬಂದರೂ ಹಾಗೆಯೇ: ನಲ್ ನಿಜವಲ್ಲವಾದ್ದರಿಂದ ಲೂಪ್ ಹೊರಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಲೂಪ್ ಮೊದಲ ಸುತ್ತಿಗೇ ಹೊರಬಂದರೆ, ಹಿಂದಿನ ಆದೇಶಕ್ಕೆ ಸಾಲು ಸಿಕ್ಕಿತೇ ಎಂದು ಹೇಳುವ ಫೌಂಡ್ ವೇರಿಯಬಲ್ಲನ್ನು ಸಂಶಯಿಸಿ. ಎಕ್ಸಿಕ್ಯೂಟ್ ಮೂಲಕ ಓಡಿಸಿದ ಆದೇಶ ಫೌಂಡ್ ಅನ್ನು ಬದಲಿಸುವುದಿಲ್ಲ; ಅದು ಆರಂಭದಲ್ಲಿದ್ದ ಸುಳ್ಳಿನಲ್ಲೇ ಉಳಿದು ‘ಇನ್ನು ಸಾಲುಗಳಿಲ್ಲ’ ಎಂಬ ಭ್ರಮೆ ಹುಟ್ಟಿಸುತ್ತದೆ. ಅಲ್ಲಿ ಗೆಟ್ ಡಯಾಗ್ನಾಸ್ಟಿಕ್ಸ್‌ನಿಂದ ಸಾಲುಗಳ ಎಣಿಕೆ ಪಡೆಯಬೇಕು.

ಪ್ರತಿ ಕೇಂದ್ರದ ನಂತರ ಕಮಿಟ್ ಮಾಡುವುದು, ಅಂದರೆ ಆವರೆಗಿನ ಕೆಲಸವನ್ನು ಖಾಯಂಗೊಳಿಸುವುದು, 11ನೆಯ ಆವೃತ್ತಿಯಿಂದ ಡೂ ಬ್ಲಾಕ್‌ನಲ್ಲೂ ಸಾಧ್ಯವಿದೆ. ಜೂನ್–ಜುಲೈಯಲ್ಲಿ ನಡುರಾತ್ರಿ ಕರೆಂಟ್ ಹೋಗುವ ನಮ್ಮ ಕಡೆ ಅದು ಬೇಕೇ ಬೇಕು, ಇಲ್ಲದಿದ್ದರೆ ಆರನೆಯ ಕೇಂದ್ರದಲ್ಲಿ ಸರ್ವರ್ ಬಿದ್ದರೆ ಹಿಂದಿನ ಐದರ ಕೆಲಸವೂ ಹೋಗುತ್ತದೆ. ಆದರೆ ‘ಇನ್‌ವ್ಯಾಲಿಡ್ ಟ್ರಾನ್ಸಾಕ್ಷನ್ ಟರ್ಮಿನೇಷನ್’ ಎಂಬ ದೋಷ ಬಂದರೆ ಹೊರಗೆ ಈಗಾಗಲೇ ಒಂದು ಟ್ರಾನ್ಸಾಕ್ಷನ್ ತೆರೆದಿದೆ ಎಂದರ್ಥ. ಮೇಲೆ ಎಲ್ಲೋ ಬಿಗಿನ್ ಇರಬಹುದು, ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟಿರಬಹುದು, ಆಟೋಕಮಿಟ್ ಆಫ್ ಆಗಿರಬಹುದು, ಅಥವಾ ಒಂದೇ ಸಿ ಆಯ್ಕೆಯ ಪಠ್ಯದಲ್ಲಿ ಹಲವು ಆದೇಶಗಳನ್ನು ಸೇರಿಸಿ ಕಳಿಸಿರಬಹುದು. ಎಕ್ಸೆಪ್ಷನ್ ಭಾಗವಿರುವ ಬ್ಲಾಕ್‌ನೊಳಗೂ ಕಮಿಟ್ ಆಗದು. ಲೂಪಿನ ಒಳಗೆ ಒಂದು ಚಿಕ್ಕ ಬ್ಲಾಕ್ ಇಟ್ಟು, ದೋಷ ಹಿಡಿಯುವುದನ್ನು ಅದರಲ್ಲೇ ಮುಗಿಸಿ, ಆ ಬ್ಲಾಕ್‌ನ ಎಂಡ್ ಆದ ಮೇಲೆ ಕಮಿಟ್ ಬರೆಯಬೇಕು.

ದೋಷ ಹಿಡಿದು ಏನೂ ಮಾಡದೆ ಬಿಡುವುದನ್ನು, ಅಂದರೆ ‘ವೆನ್ ಅದರ್ಸ್ ದೆನ್ ನಲ್’ ಎಂಬ ಸಾಲನ್ನು, ಎಲ್ಲಿ ಕಂಡರೂ ತೆಗೆಯಿರಿ. ಹಿಡಿದ ದೋಷದ ಪಠ್ಯವನ್ನು ಕೇಂದ್ರದ ಹೆಸರಿನೊಂದಿಗೆ ರೈಸ್ ವಾರ್ನಿಂಗ್ ಮೂಲಕ ಹೇಳಿಸಿ, ವಿಫಲವಾದವುಗಳನ್ನು ಎಣಿಸಿ, ಲೂಪ್ ಮುಗಿದ ಮೇಲೆ ಎಣಿಕೆ ಸೊನ್ನೆಯಲ್ಲದಿದ್ದರೆ ರೈಸ್ ಎಕ್ಸೆಪ್ಷನ್ ಮಾಡಬೇಕು. ಕಮಿಟ್ ಆದ ಕೇಂದ್ರಗಳ ಕೆಲಸ ಉಳಿದುಕೊಳ್ಳುತ್ತದೆ, ಓಟ ಮಾತ್ರ 3ರೊಂದಿಗೆ ಸತ್ಯವಾಗಿ ವಿಫಲವಾಗುತ್ತದೆ.

ಶೆಲ್ ಲೂಪ್

ಕೇಂದ್ರಗಳ ಪಟ್ಟಿಯನ್ನು ವೈಲ್ ರೀಡ್‌ನಿಂದ ಓದುವ ಲೂಪ್ ಮೊದಲ ಕೇಂದ್ರಕ್ಕೇ ನಿಂತರೆ, ಒಳಗೆ ಎಸ್‌ಎಸ್‌ಎಚ್ ಇದೆಯೇ ಅಥವಾ ಸಿ ಆಗಲಿ, ಫೈಲಿನ ಹೆಸರು ಕೊಡುವ ಎಫ್ ಆಗಲಿ ಯಾವ ಆಯ್ಕೆಯೂ ಇಲ್ಲದ ಪಿಎಸ್‌ಕ್ಯೂಎಲ್ ಇದೆಯೇ ನೋಡಿ. ಅವು ಲೂಪಿಗೆಂದು ಬಂದ ಉಳಿದ ಪಟ್ಟಿಯನ್ನು ತಮ್ಮ ಒಳಬರಹವೆಂದು ಓದಿ ಮುಗಿಸುತ್ತವೆ. ಒಳಗಿನ ಆದೇಶದ ಒಳಬರಹವನ್ನು ಸದಾ ಖಾಲಿಯಾಗಿರುವ ಡೆವ್‌-ನಲ್‌ಗೆ ತಿರುಗಿಸಿದರೆ ಸರಿಯಾಗುತ್ತದೆ. ಪೈಪಿನ ಬಲಗಡೆಯಿರುವ ವೈಲ್ ಲೂಪಿನಲ್ಲಿ ಎಣಿಸಿದ ಅಂಕೆ ಲೂಪಿನ ಹೊರಗೆ ಸೊನ್ನೆಯಾಗಿ ಕಂಡರೆ, ಬ್ಯಾಶ್ ಆ ಲೂಪನ್ನು ಬೇರೆ ಉಪಶೆಲ್‌ನಲ್ಲಿ ಓಡಿಸಿದ್ದೇ ಕಾರಣ.

ಬೇರೆ ಸಾಧನಗಳಲ್ಲಿ

ಒರಾಕಲ್‌ನ ಎಸ್‌ಕ್ಯೂಎಲ್‌ಪ್ಲಸ್ ಕೂಡ ತಾನಾಗಿ ದೋಷಕ್ಕೆ ನಿಲ್ಲುವುದಿಲ್ಲ, ವೆನೆವರ್ ಎಸ್‌ಕ್ಯೂಎಲ್‌ಎರರ್ ಬರೆಯಬೇಕು. ಅಲ್ಲಿ ದೋಷಸಂಖ್ಯೆಯನ್ನೇ ನಿರ್ಗಮನ ಸಂಕೇತವಾಗಿ ಕೊಡುವ ರೂಢಿ ಅಪಾಯಕರ: ಲಿನಕ್ಸ್‌ನಲ್ಲಿ ಸಂಕೇತ 255ನ್ನು ಮೀರಲಾರದು, 256ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಬರುತ್ತದೆ. ಟೇಬಲ್‌ಸ್ಪೇಸ್‌ನ ಕೋಟಾ ಮುಗಿಯಿತೆನ್ನುವ 1536ನೆಯ ದೋಷಕ್ಕೆ ಆ ಶೇಷ ಸೊನ್ನೆ. ಬದಲಿಗೆ ಎಗ್ಸಿಟ್ ಫೇಲ್ಯೂರ್ ಬಳಸಿ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್‌ಸಿಎಂಡಿಗೆ ಬಿ ಆಯ್ಕೆ ಕೊಡದೆ ಸಂಕೇತವನ್ನು ನಂಬಬಾರದು. ಅಲ್ಲಿ ವೈಲ್ ಭಾಷೆಯಲ್ಲೇ ಇದೆ, ಆದರೆ ಗೋ ದಾಟಿದರೆ ವೇರಿಯಬಲ್‌ಗಳು ಉಳಿಯುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಇಫ್, ವೈಲ್‌ಗಳು ಸ್ಟೋರ್ಡ್ ಪ್ರೊಸೀಜರ್ ಮುಂತಾದವುಗಳ ಒಳಗೆ ಮಾತ್ರ ಸಲ್ಲುತ್ತವೆ.

ಮತ್ತೆ ಓಡಿಸುವ ಮೊದಲು

ಸರಿಪಡಿಸಿದ ಸ್ಕ್ರಿಪ್ಟನ್ನು ಒಮ್ಮೆ ಸಣ್ಣ ಎ ಆಯ್ಕೆಯೊಂದಿಗೆ ಓಡಿಸಿ. ಆಗ ಓದಿದ ಪ್ರತಿ ಸಾಲೂ ಲಾಗ್‌ಗೆ ಬೀಳುತ್ತದೆ, \ಜಿಎಕ್ಸೆಕ್ ಹುಟ್ಟಿಸಿದ ಆದೇಶಗಳೂ ಕಾಣುತ್ತವೆ. ಪ್ರತಿ ಕವಲಿನ ಒಳಗೂ \ಎಕೋ ಸಾಲೊಂದನ್ನು ಶಾಶ್ವತವಾಗಿ ಬಿಟ್ಟಿರುವುದು ಒಳ್ಳೆಯದು. ಕೊನೆಯಲ್ಲಿ ‘ಮುಗಿಯಿತು’ ಎನ್ನುವ ಬದಲು, ಕೇಂದ್ರಗಳ ಟೇಬಲ್‌ನಲ್ಲಿರುವ ಎಣಿಕೆಯನ್ನೂ ಇಂದು ಲೆಕ್ಕವಾದ ಕೇಂದ್ರಗಳ ಎಣಿಕೆಯನ್ನೂ ಹೋಲಿಸಿ, ಬೇರೆಯಾದರೆ ದೋಷ ಎಸೆಯುವ ಕ್ವೆರಿಯನ್ನು ಇಡಿ. ಜೋಯಿಡಾದಂಥ ನಲ್ ಅನ್ನು ಹಿಡಿಯುವುದು ಈ ಹೋಲಿಕೆಯೇ.

ಕರೆಂಟ್ ಬಂದ ಮೇಲೆ ಕ್ರಾನ್ ಒಮ್ಮೆ, ಕಚೇರಿಯವರು ಕೈಯಿಂದ ಇನ್ನೊಮ್ಮೆ ಓಡಿಸಿ ಎರಡು ಓಟಗಳು ಹೆಣೆದುಕೊಳ್ಳುವ ಸಂಭವವಿದ್ದರೆ ಸ್ಕ್ರಿಪ್ಟಿನ ಆರಂಭದಲ್ಲೇ, ಬೀಗ ಪಡೆಯಲು ಯತ್ನಿಸುವ ಪಿಜಿ_ಟ್ರೈ_ಅಡ್ವೈಸರಿ_ಲಾಕ್ ಫಂಕ್ಷನ್ ಕರೆಯಿರಿ. ಅದು ಕಾಯದೆ ನಿಜ ಅಥವಾ ಸುಳ್ಳು ಎಂದು ಉತ್ತರಿಸುತ್ತದೆ, ಆ ಉತ್ತರ ನೇರವಾಗಿ \ಜಿಸೆಟ್ ಮೂಲಕ \ಇಫ್‌ಗೆ ಹೋಗುತ್ತದೆ, ಸುಳ್ಳಾದರೆ ಎರಡನೆಯ ಓಟ ಸಂದೇಶ ಬರೆದು ಹೊರಬರಬಹುದು. ಸಂಪರ್ಕ ಮುಗಿದೊಡನೆ ಬೀಗ ತಾನಾಗಿ ಬಿಡುತ್ತದೆ, ಆದ್ದರಿಂದ ಸರ್ವರ್ ನಡುವೆ ಬಿದ್ದರೂ ಅದು ಸಿಕ್ಕಿಕೊಂಡು ಉಳಿಯುವುದಿಲ್ಲ. ಇದೇ ಕಾರಣಕ್ಕೆ, ಪ್ರತಿ ಕೇಂದ್ರಕ್ಕೂ ಹೊಸದಾಗಿ ಪಿಎಸ್‌ಕ್ಯೂಎಲ್ ತೆರೆಯುವ ಶೆಲ್ ಲೂಪಿನಲ್ಲಿ ಈ ಬೀಗ ಮೊದಲ ಕೇಂದ್ರದ ನಂತರ ಇರುವುದಿಲ್ಲ. ಅಂಥ ಸ್ಕ್ರಿಪ್ಟ್‌ಗಳಿಗೆ ಶೆಲ್ ಮಟ್ಟದಲ್ಲಿ, ಫೈಲಿನ ಮೂಲಕ ಬೀಗ ಹಾಕುವ ಎಫ್‌ಲಾಕ್ ಬಳಸಬೇಕು.